ಗುಡ್ಡ ಕೊರೆದ ಮಣ್ಣು ಎಲ್ಲಿಗೆ ಹೋಗುತ್ತದೆ?

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬಗ್ಗೆ ಪರ-ವಿರೋಧದ ಮಾತು ಸಾಕಷ್ಟಾಗಿದೆ. 2,000 ಮೆಗಾವಾಟ್, ಸಿಂಗಳೀಕ ಅಭಯಾರಣ್ಯ, ಸಾವಿರಾರು ಮರ, ಸಾವಿರಾರು ಕೋಟಿ. 2025ರ ಸೆಪ್ಟೆಂಬರ್‌ನಲ್ಲಿ ಕಾರ್ಗಲ್ ಮತ್ತು ಗೇರುಸೊಪ್ಪೆಯಲ್ಲಿ ಅಹವಾಲು ಸಭೆಗಳೂ ನಡೆದವು. ಈ ಗದ್ದಲದಲ್ಲಿ ಒಂದು ಸಾದಾ ಪ್ರಶ್ನೆಗೆ ಜಾಗವೇ ಸಿಗುತ್ತಿಲ್ಲ. ಗೇರುಸೊಪ್ಪೆಯಿಂದ ತಳಕಳಲೆಗೆ ನೀರೆತ್ತಲು ಗುಡ್ಡದ ಹೊಟ್ಟೆಯಲ್ಲಿ ಸುರಂಗ ಕೊರೆಯಬೇಕು, ನೆಲದಡಿ ವಿದ್ಯುದಾಗಾರ ಕಟ್ಟಬೇಕು. ಹಾಗೆ ಹೊರಬಂದ ಕಲ್ಲು, ಮಣ್ಣು ಎಲ್ಲಿಗೆ ಹೋಗುತ್ತದೆ?

ಎಷ್ಟು ಮಣ್ಣು ಅಂತೀರಾ? ಕಾಗದ ಪೆನ್ನು ಸಾಕು. ಎಂಟು ಮೀಟರ್ ವ್ಯಾಸದ ಸುರಂಗವನ್ನು ಒಂದು ಕಿಲೋಮೀಟರ್ ಕೊರೆದರೆ ಸುಮಾರು 50,000 ಘನ ಮೀಟರ್ ಬಂಡೆ ಹೊರಬರುತ್ತದೆ. ಒಡೆದ ಬಂಡೆ ಉಬ್ಬಿಕೊಳ್ಳುತ್ತದೆ, ಸಡಿಲವಾಗಿ ಸುರಿದರೆ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಟಿಪ್ಪರ್ ಒಂದಕ್ಕೆ ಹತ್ತು ಘನ ಮೀಟರ್ ಹಿಡಿದರೆ 7,500 ಲೋಡು. ಇದು ಒಂದೇ ಕಿಲೋಮೀಟರಿನ ಲೆಕ್ಕ. ರಸ್ತೆ ಅಗಲ ಮಾಡಲು ಕಡಿದ ಗುಡ್ಡದ ಮಣ್ಣು ಇದರಲ್ಲಿ ಸೇರಿಲ್ಲ.

ಎಂಜಿನಿಯರುಗಳು ಇದನ್ನು 'ಮಕ್' ಅನ್ನುತ್ತಾರೆ. ನಮ್ಮ ರೈತರು ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಹೊಲಕ್ಕೆ ಹೊಡೆಸುವ ಕೆರೆ ಗೋಡಿಗೂ ಇದಕ್ಕೂ ಸಂಬಂಧವಿಲ್ಲ. ಗೋಡಿನಲ್ಲಿ ಸಾರವಿದೆ. ಮಕ್ ಅಂದರೆ ಸಿಡಿಮದ್ದಿಗೆ ಪುಡಿಯಾದ ಕಲ್ಲು. ಮೇಲೆ ಮೇಲ್ಮಣ್ಣು ಹಾಸದಿದ್ದರೆ ಅದರಲ್ಲಿ ಹುಲ್ಲು ಹಿಡಿಯಲೂ ವರ್ಷಗಳು ಬೇಕು. ಅಷ್ಟರಲ್ಲಿ ಮಲೆನಾಡಿನ ಮಳೆ ತನ್ನ ಕೆಲಸ ಮುಗಿಸಿರುತ್ತದೆ.

ಶರಾವತಿ ಪಡುವಣಕ್ಕೆ ಹರಿಯುವ ನದಿ, ಹರಿಹರದವರಿಗೇಕೆ ಆ ಚಿಂತೆ ಎಂದು ಕೇಳಬಹುದು. ನಮ್ಮ ನದಿಯ ಕಥೆಯನ್ನೇ ನೋಡೋಣ. ಭದ್ರೆಯ ತಲೆಯ ಮೇಲೆ ಕುದುರೆಮುಖದ ಗಣಿ ಇತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಅದು ನಿಂತಿತು. ನಿಲ್ಲಿಸಬೇಕೆಂದು ಹೋರಾಡಿದವರ ದೊಡ್ಡ ವಾದಗಳಲ್ಲಿ ಹೊಳೆಗೆ ಇಳಿಯುತ್ತಿದ್ದ ಮಣ್ಣೂ ಒಂದು. ಆಮೇಲೆ ಭದ್ರಾ ಮೇಲ್ದಂಡೆ ಬಂತು. ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರ್ ಸುರಂಗ, ಅದರಾಚೆ ಆಳದ ಕಾಲುವೆಗಳು. ಆ ನೀರು ಜಗಳೂರಿಗೂ ಬರಬೇಕು, ಬೇಗ ಬರಲಿ ಎಂದೇ ನಮ್ಮ ಆಸೆ. ಕಾಲುವೆ ಬೇಕು ಎನ್ನುವವರೇ ಕಾಲುವೆಯ ಮಣ್ಣಿನ ಬಗ್ಗೆ ಕೇಳಬಾರದು ಎಂದೇನಿಲ್ಲವಲ್ಲ.

ಕೂಡ್ಲಿಯಲ್ಲಿ ತುಂಗೆ-ಭದ್ರೆ ಸೇರಿ ಕೆಳಗಿಳಿದರೆ ಹೊನ್ನಾಳಿ, ಆಮೇಲೆ ಹರಿಹರ. ದಾವಣಗೆರೆ ನಗರ ಕುಡಿಯುವ ನೀರಿಗೆ ರಾಜನಹಳ್ಳಿಯ ಜಾಕ್‌ವೆಲ್ ನಂಬಿದೆ, 22 ಕೆರೆ ತುಂಬಿಸುವ ಯೋಜನೆಯ ಪಂಪುಗಳೂ ಅಲ್ಲೇ ಇವೆ. ಮೇಲಿನ ಗುಡ್ಡದಿಂದ ಜಾರಿದ್ದೆಲ್ಲ ಇದೇ ದಾರಿಯಲ್ಲಿ ಬರಬೇಕು. ಇನ್ನೂ ಕೆಳಗೆ ಹೊಸಪೇಟೆಯ ತುಂಗಭದ್ರಾ ಜಲಾಶಯ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಈಗ 105ರ ಆಸುಪಾಸು. ಉಳಿದ ಜಾಗದಲ್ಲಿ ಹೂಳು ಕುಳಿತಿದೆ. ಎಲ್ಲ ಹೂಳೂ ಕಾಮಗಾರಿಯದಲ್ಲ. ಬದು ಇಲ್ಲದ ಹೊಲದ್ದೂ ಇದೆ, ಬೋಳು ಗುಡ್ಡದ್ದೂ ಇದೆ, ಗಣಿಯದ್ದೂ ಇದೆ. ಆ ನಷ್ಟ ತುಂಬಲು ನವಲಿ ಬಳಿ ಇನ್ನೊಂದು ಜಲಾಶಯ ಕಟ್ಟುವ ಪ್ರಸ್ತಾಪ ಓಡಾಡುತ್ತಿದೆ. ಹೂಳು ತುಂಬಿತೆಂದು ಮತ್ತೊಂದು ಕಾಮಗಾರಿ, ಅದಕ್ಕೆ ಮತ್ತೆ ಅಗೆತ!

ನಿಯಮ ಇಲ್ಲವೆಂದಲ್ಲ. ಪರಿಸರ ಅನುಮತಿ ಬೇಕಾದ ಜಲವಿದ್ಯುತ್ ಯೋಜನೆಗಳ ವರದಿಯಲ್ಲಿ ಮಕ್ ವಿಲೇವಾರಿಗೆ ಒಂದು ಅಧ್ಯಾಯವೇ ಇರುತ್ತದೆ. ಮಾಡಬೇಕಾದ್ದೂ ಗುಟ್ಟೇನಲ್ಲ. ಮೇಲ್ಮಣ್ಣು ಮೊದಲು ತೆಗೆದು ಬೇರೆ ರಾಶಿ ಹಾಕಬೇಕು. ಸುರಿಯುವ ಮೊದಲೇ ಬುಡದಲ್ಲಿ ತಂತಿ ಜಾಲರಿಯ ಕಲ್ಲುಗೋಡೆ ಏಳಬೇಕು. ಮೇಲಿಂದ ಬರುವ ಮಳೆನೀರನ್ನು ಚರಂಡಿ ತೆಗೆದು ಪಕ್ಕಕ್ಕೆ ತಿರುಗಿಸಬೇಕು, ರಾಶಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಲಾವಂಚವೋ ಸ್ಥಳೀಯ ಹುಲ್ಲೋ ನೆಡಬೇಕು. ಗಟ್ಟಿ ಕಲ್ಲನ್ನು ಅಲ್ಲೇ ಜಲ್ಲಿ ಮಾಡಿ ಕಾಂಕ್ರೀಟಿಗೆ ಬಳಸಿದರೆ ರಾಶಿಯೇ ಚಿಕ್ಕದಾಗುತ್ತದೆ. ಸುರಂಗದ ಕೊಳೆನೀರು ಹೊಂಡದಲ್ಲಿ ತಿಳಿಯಾಗಿ ಹಳ್ಳಕ್ಕೆ ಹೋಗಬೇಕು.

ಆದರೆ ಗುತ್ತಿಗೆದಾರನಿಗೆ ದುಡ್ಡು ಬರುವುದು ಅಗೆತಕ್ಕೆ. ಅನುಮೋದಿತ ಜಾಗ ಐದು ಕಿಲೋಮೀಟರ್ ದೂರವಿದ್ದು ಹಳ್ಳದ ಇಳಿಜಾರು ಐವತ್ತು ಮೀಟರಿನಲ್ಲಿದ್ದರೆ ರಾತ್ರಿ ಟಿಪ್ಪರ್ ಎಲ್ಲಿ ಹಿಂಬದಿ ಎತ್ತುತ್ತದೆ ಎಂದು ಹೇಳಲು ಜ್ಯೋತಿಷ್ಯ ಬೇಕಿಲ್ಲ. ಡೀಸೆಲ್ ಉಳಿಯುತ್ತದೆ, ಜೂನ್ ಮಳೆ ಸಾಕ್ಷಿಯನ್ನು ತೊಳೆಯುತ್ತದೆ.

ಉತ್ತರಾಖಂಡದ ಶ್ರೀನಗರದಲ್ಲಿ ಸಾಕ್ಷಿ ತೊಳೆದುಹೋಗಲಿಲ್ಲ. 2013ರ ಜೂನ್ ಪ್ರವಾಹದಲ್ಲಿ ಅಲಕನಂದಾ ದಂಡೆಯಲ್ಲಿ ಸುರಿದಿದ್ದ 330 ಮೆಗಾವಾಟ್ ಯೋಜನೆಯ ಮಕ್ ಊರಿನ ತಗ್ಗಿನ ಮನೆಗಳಿಗೆ ನುಗ್ಗಿತು. ಇದು ದೈವದ ಆಟ ಎಂಬ ಕಂಪನಿಯ ವಾದವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಒಪ್ಪಲಿಲ್ಲ. 2016ರಲ್ಲಿ ಸುಮಾರು 9.26 ಕೋಟಿ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಮಳೆ ದೇವರದ್ದಿರಬಹುದು, ದಂಡೆಯ ಮೇಲೆ ರಾಶಿ ಹಾಕಿದ್ದು ದೇವರಲ್ಲ. ಕೊಡಗು, ವಯನಾಡು, ಶಿರೂರಿನ ಕುಸಿತ ಕಂಡ ಮೇಲೂ ಪಶ್ಚಿಮಘಟ್ಟದಲ್ಲಿ ಆ ಆದೇಶವನ್ನು ನೆನೆಯುವವರು ಕಡಿಮೆ.

ಇನ್ನೊಂದು ತಕರಾರು ಭಾಷೆಯದು. ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂದು 2006ರ ಅಧಿಸೂಚನೆ ಹೇಳುವುದು ವರದಿಯ ಸಾರಾಂಶವನ್ನು ಮಾತ್ರ. ಮಕ್ ಎಲ್ಲಿ, ಎಷ್ಟು, ಯಾವ ಸರ್ವೆ ನಂಬರಿನಲ್ಲಿ ಎಂಬ ವಿವರವೆಲ್ಲ ಇಂಗ್ಲಿಷಿನ ದಪ್ಪ ಸಂಪುಟದೊಳಗೆ. ಆ ಜಾಗದ ಕೆಳಗೆ ಅಡಿಕೆ ತೋಟ ಇಟ್ಟುಕೊಂಡವನಿಗೆ ತನ್ನ ತೋಟದ ತಲೆಯ ಮೇಲೆ ಏನು ಬರಲಿದೆ ಎಂಬುದೇ ತಿಳಿಯುವುದಿಲ್ಲ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಮಕ್ ಜಾಗಗಳ ನಕ್ಷೆ ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಗೋಡೆ ಮೇಲೆ ಬರಲಿ. ತಡೆಗೋಡೆ ಮುಗಿಯುವ ತನಕ ಅಗೆತದ ಬಿಲ್ ಪಾಸಾಗುವುದು ಬೇಡ. ಸಾಗಣೆ ಮತ್ತು ವಿಲೇವಾರಿ ಟೆಂಡರಿನಲ್ಲಿ ಬೇರೆ ಬಾಬ್ತಾಗಿರಲಿ, ಟಿಪ್ಪರಿನ ಜಿಪಿಎಸ್ ದಾಖಲೆ ಬಿಲ್ಲಿನ ಜೊತೆ ಲಗತ್ತಾಗಲಿ. ಗುತ್ತಿಗೆದಾರ ಊರು ಬಿಟ್ಟ ಮೇಲೂ ಐದು ಮಳೆಗಾಲದವರೆಗೆ ಅವನ ಠೇವಣಿ ಸರ್ಕಾರದ ಬಳಿಯೇ ಇರಲಿ. ನಮ್ಮ ಭಾಗದ ಯಾವುದೇ ನೀರಾವರಿ ಕಾಮಗಾರಿಯ ಹತ್ತಿರ ಇರುವ ಓದುಗರು ಈ ಬೇಸಿಗೆಯಲ್ಲೇ ರಾಶಿಗಳ ಫೋಟೊ ತೆಗೆದು, ತಾರೀಖು ಬರೆದು ಇಟ್ಟುಕೊಳ್ಳಿ. ಮಳೆ ಮುಗಿದ ಮೇಲೆ ಅದೇ ಜಾಗದಲ್ಲಿ ನಿಂತು ಇನ್ನೊಂದು ತೆಗೆಯಿರಿ. ಎರಡನ್ನೂ ನಮಗೆ ಕಳಿಸಿ, ಸರ್ವೆ ನಂಬರಿನ ಸಮೇತ ಪ್ರಕಟಿಸುತ್ತೇವೆ.