ಒಲೆ ಬೇರೆಯಾದ ಮೇಲೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ಪಾಂಡವಪುರ ಉಪವಿಭಾಗವೆಂಬ ಒಂದೇ ಹೆಸರಿನೊಳಗೆ ಅಡಕವಾಗಿವೆ. ಆದಕಾರಣ ಈ ಸೀಮೆಯಲ್ಲಿ ಮಕ್ಕಳ ಕೈಯಿಂದ ಅನ್ನ ಕಾಣದ ತಂದೆತಾಯಿಗಳು, ಕಿಕ್ಕೇರಿಯವರಾಗಲಿ ಬೆಳ್ಳೂರಿನವರಾಗಲಿ, ಹಿರಿಯ ನಾಗರಿಕರ ಪಾಲನೆ ಪೋಷಣೆಗಾಗಿ 2007ರಲ್ಲಿ ಆದ ಕಾಯಿದೆಯ ಮೇರೆಗೆ ಜೀವನಾಂಶವನ್ನು ಬೇಡಬೇಕಾದರೆ, ಉಪವಿಭಾಗಾಧಿಕಾರಿಗಳು ಅಧ್ಯಕ್ಷರಾಗಿರುವ ನ್ಯಾಯಮಂಡಳಿಯ ಮುಂದೆ ಅರ್ಜಿ ಹಿಡಿದು ನಿಲ್ಲತಕ್ಕದ್ದು. ತಿಂಗಳಿಗೆ 10,000 ರೂಪಾಯಿಗೆ ಮೀರದಂತೆ ಹಣ ಕೊಡಿಸುವ ಅಧಿಕಾರವನ್ನು ಶಾಸನವು ಆ ಮಂಡಳಿಗೆ ದಯಪಾಲಿಸಿದೆ. ಮಗನಾದವನು ಹೆತ್ತವ್ವನೊಡನೆ ದಿನಕ್ಕೆ ನಾಲ್ಕು ಮಾತನಾಡತಕ್ಕದ್ದೆಂದು ಅಪ್ಪಣೆ ಮಾಡುವ ಅಧಿಕಾರವನ್ನು ಯಾವ ಶಾಸನವೂ ಯಾರಿಗೂ ಕೊಡಲಾರದು. ಕುಟುಂಬದ ರಚನೆಗೂ ಮನಸ್ಸಿನ ಸ್ವಾಸ್ಥ್ಯಕ್ಕೂ ಇರುವ ನಂಟನ್ನು ವಿಚಾರಿಸಹೊರಟವನು ಎಡವುವುದು ಈ ಹೊಸ್ತಿಲಲ್ಲಿಯೇ.

ಈ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಕೇಳಿಬರುವ ಪಲ್ಲವಿ ಒಂದುಂಟು: ತುಂಬು ಕುಟುಂಬ ಒಡೆಯಿತು, ಅದರೊಡನೆ ನೆಮ್ಮದಿಯೂ ಹೋಯಿತು. ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಹದಿನೆಂಟು ಮಂದಿ ಉಣ್ಣುತ್ತಿದ್ದ ತೊಟ್ಟಿಮನೆಯಲ್ಲಿ ಬೆಳೆದವನಾದ ನಾನು ಈ ಮಾತನ್ನು ಅರ್ಧ ಒಪ್ಪುವೆನು. ಆ ಮನೆಯಲ್ಲಿ ಅತ್ತ ಕೂಸಿಗೆ ಹತ್ತು ಮಡಿಲಿತ್ತು. ಬಾಣಂತಿಗೆ ನೀರೆರೆಯುವವರು, ಜ್ವರ ಬಂದವನ ತಲೆದೆಸೆಯಲ್ಲಿ ಕೂರುವವರು, ಬೆಳೆ ಹೋದವನಿಗೆ ಮುಂದಿನ ಬಿತ್ತನೆಗೆ ಕೈ ಕೊಡುವವರು ಇದ್ದರು. ಬುದ್ಧಿ ಕೊಂಚ ಮಂದವಾಗಿದ್ದ ನಮ್ಮ ದೊಡ್ಡಪ್ಪನೊಬ್ಬನು ಎಮ್ಮೆ ಮೇಯಿಸಿಕೊಂಡು, ಎಲ್ಲರ ಸಾಲಿನಲ್ಲಿ ಉಂಡು, ಯಾರ ಬಾಯಲ್ಲಿಯೂ ರೋಗಿಯೆನಿಸಿಕೊಳ್ಳದೆ ಎಪ್ಪತ್ತು ವರ್ಷ ಬಾಳಿ ಹೋದನು. ಇಂದಾಗಿದ್ದರೆ ಅವನಿಗೊಂದು ಕಾರ್ಡು, ಒಂದು ಪಿಂಚಣಿ ದೊರೆಯುತ್ತಿತ್ತು. ಎಮ್ಮೆಯೂ ಸಾಲೂ ದೊರೆಯುತ್ತಿದ್ದುವೋ ಇಲ್ಲವೋ.

ಒಪ್ಪದ ಅರ್ಧವು ಅಡಿಗೆಮನೆಯ ಕಡೆಯದು. ಹಣದ ಗಂಟು ಯಜಮಾನನ ಸೊಂಟದಲ್ಲಿ, ಉಗ್ರಾಣದ ಬೀಗದ ಕೈ ಅಜ್ಜಿಯ ಸೆರಗಿನಲ್ಲಿ. ಕಿರಿಯ ಸೊಸೆಯಾಗಿ ಬಂದವಳು ಎಲ್ಲರ ತರುವಾಯ, ಉಳಿದುದನ್ನು, ಒಲೆಯ ಮುಂದೆ ಕುಳಿತು ಉಣ್ಣತಕ್ಕವಳು. ನಮ್ಮ ಚಿಕ್ಕವ್ವನಿಗೆ ಅಮಾವಾಸ್ಯೆಗೊಮ್ಮೆ ಮೈಮೇಲೆ ಬರುತ್ತಿತ್ತು. ಬಂದ ಅರ್ಧ ಗಳಿಗೆ ಅವಳು ಅಜ್ಜಿಯನ್ನು ಏಕವಚನದಲ್ಲಿ ಕರೆದು, ನಡುಮನೆಯಲ್ಲಿ ಮಣೆ ಹಾಕಿಸಿಕೊಂಡು, ಬಿಸಿ ಹಿಟ್ಟು ಬೆಣ್ಣೆ ತರಿಸಿ ಉಣ್ಣುತ್ತಿದ್ದಳು. ಅಜ್ಜಿಯೇ ಕೈಮುಗಿದು ಬಡಿಸುತ್ತಿದ್ದಳು. ಗಾಳಿ ಬಿಡಿಸುವವರಿಗೆ ಕೋಳಿ, ನಿಂಬೆಹಣ್ಣು, ದಕ್ಷಿಣೆಯೆಂದು ಬಹಳ ವೆಚ್ಚವಾಯಿತು. 1981ರಲ್ಲಿ ಅಣ್ಣತಮ್ಮಂದಿರು ಪಾಲಾಗಿ ಒಲೆ ಬೇರೆಯಾದುದೇ ತಡ, ಆ ದೈವವು ಮತ್ತೆ ನಮ್ಮ ಕಡೆ ತಲೆಹಾಕಲಿಲ್ಲ. ಉಡುಪಿಯ ಬಳಿಯ ಕೋಟ ಗ್ರಾಮದಲ್ಲಿ ಅಳಿಯಸಂತಾನದ ಬಂಟರನ್ನೂ ಮೊಗವೀರರನ್ನೂ ಮಕ್ಕಳಸಂತಾನದ ಬ್ರಾಹ್ಮಣರನ್ನೂ ಒಟ್ಟಿಗೆ ಅಭ್ಯಸಿಸಿ 1976ರಲ್ಲಿ ಗ್ರಂಥವನ್ನು ಪ್ರಕಟಿಸಿದ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು, ಮೈಮೇಲೆ ಬರುವುದನ್ನೂ ತಮ್ಮ ವಿಚಾರಣೆಯೊಳಗೆ ಸೇರಿಸಿಕೊಂಡಿದ್ದರೆಂದು ಬಹಳ ಕಾಲದ ಮೇಲೆ ತಿಳಿದಾಗ, ಅವರು ಒಮ್ಮೆ ನಮ್ಮ ನಡುಮನೆಗೂ ಬರಬೇಕಾಗಿತ್ತೆಂದು ನನಗೆ ಅನ್ನಿಸಿತು.

ತೊಟ್ಟಿಮನೆಗಳು ಒಡೆದುದಕ್ಕೆ ಈ ಕಾಲದ ಹುಡುಗಿಯರನ್ನೂ ಮೊಬೈಲನ್ನೂ ದೂರುವುದು ಇತಿಹಾಸಕ್ಕೆ ಮಾಡುವ ಅಪಚಾರ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗಿ, ನಾಲೆಯ ನೀರು ಒಣಭೂಮಿಗೆ ಹರಿದು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಗೊಂಡ ಮೇಲೆ, ಅದುವರೆಗೆ ಕಣಜದಲ್ಲಿ ಕಾಳಾಗಿ ಕೂಡಿರುತ್ತಿದ್ದ ಸಂಪತ್ತು ಕಬ್ಬಿನ ಬಟವಾಡೆಯ ನಗದಾಗಿ ಕೈಗೆ ಬರತೊಡಗಿತು. ಕಾಳನ್ನು ಒಂದೇ ಕಣಜದಲ್ಲಿಡಬಹುದು; ನಗದು ಬಂದೊಡನೆ ತಮ್ಮನಿಗೆ ಅಣ್ಣನ ಲೆಕ್ಕದ ಮೇಲೆ ಕಣ್ಣು ಹೋಗುತ್ತದೆ. ಅದೇ 1933ರಲ್ಲಿ ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು ತಂದು, ಆಸ್ತಿ ವಿಭಾಗವಾಗುವಾಗ ವಿಧವೆಯರಿಗೂ ಅವಿವಾಹಿತ ಪುತ್ರಿಯರಿಗೂ ಪಾಲಿನ ಹಕ್ಕನ್ನು ಒದಗಿಸಿದುದು ಆಕಸ್ಮಿಕವಾದರೂ ನೆನೆಯತಕ್ಕ ಆಕಸ್ಮಿಕ.

1954ರ ಸುಮಾರಿನಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ ಮಂಡ್ಯದ ಸಮೀಪದ ಎರಡು ಹಳ್ಳಿಗಳಲ್ಲಿ ಬಿಡಾರ ಮಾಡಿ, ನೀರಾವರಿಯ ಗ್ರಾಮವನ್ನು ವಂಗಲವೆಂದೂ ನೀರು ಹತ್ತದ ಗ್ರಾಮವನ್ನು ದಲೇನವೆಂದೂ ಕಲ್ಪಿತ ನಾಮಗಳಿಂದ ಕರೆದು ಪರೀಕ್ಷಿಸಿದರು. ಹಣದ ಬೆಳೆ ಬಂದಂತೆ ಕೂಡುಮನೆಗಳು ಬಿಚ್ಚಿಕೊಂಡುದನ್ನು ಗುರುತಿಸಿದ ಆಕೆಯೇ, 1970ರಲ್ಲಿ ತಿರುಗಿ ಬಂದು ನೋಡಿ, ಹೊಸತೊಂದನ್ನು ಬರೆದರು: ಅಣ್ಣತಮ್ಮಂದಿರು ಬೇರೆ ಬೇರೆ ಮನೆಗಳಲ್ಲಿ ಬೇರೆ ಒಲೆ ಹೂಡಿದ್ದರೂ ಆದಾಯ ವೆಚ್ಚಗಳನ್ನು ಕೂಡಿ ನಡೆಸುತ್ತಿದ್ದರು. ಇಂಥದನ್ನು ಅವರು ಪಾಲುಗೂಡಿದ ಕುಟುಂಬವೆಂಬ ಅರ್ಥದ ಹೆಸರಿನಿಂದ ಕರೆದರು.

ನಮ್ಮ ಮನೆಯಲ್ಲಿ ಇದಕ್ಕೆ ಹೆಸರಿರಲಿಲ್ಲ, ಕಿಂಡಿಯಿತ್ತು. ತೊಟ್ಟಿಯ ನಡುವೆ ಗೋಡೆ ಏಳುವಾಗ ಚಿಕ್ಕವ್ವನೂ ನಮ್ಮವ್ವನೂ ಗಾರೆಯವನಿಗೆ ಗುಟ್ಟಾಗಿ ಹೇಳಿ, ಎರಡು ಅಡಿಗೆಮನೆಗಳ ಮಧ್ಯೆ ಒಂದು ಇಟ್ಟಿಗೆಯಷ್ಟು ಜಾಗವನ್ನು ಬಿಡಿಸಿಕೊಂಡರು. ಸಾರಿನ ಪುಡಿ, ಹೆಪ್ಪು ಹಾಕುವ ಮಜ್ಜಿಗೆ, ಊರ ಸಮಾಚಾರ, ಗಂಡಂದಿರ ಮೇಲಿನ ದೂರು, ಎಲ್ಲವೂ ಆ ದಾರಿಯಲ್ಲಿ ಸಾಗಿದುವು. ಗಂಡಸರು ಜಮೀನಿನ ಬದುವಿನ ಮೇಲೆ ಎರಡು ವರ್ಷ ಮಾತು ಬಿಟ್ಟಿದ್ದಾಗಲೂ ಸಾಗಿದುವು.

ಇಷ್ಟು ಹೇಳುವುದರ ಅಭಿಪ್ರಾಯವೇನೆಂದರೆ, ಮನೆಯಲ್ಲಿ ತಲೆಗಳೆಷ್ಟು ಎಂಬುದಕ್ಕಿಂತ ಬಾಯಿ ತೆರೆಯಲು ಯಾರಿಗೆ ಸಲಿಗೆಯಿದೆ ಎಂಬುದೇ ಮನಸ್ಸಿನ ಆರೋಗ್ಯಕ್ಕೆ ಹೆಚ್ಚು ಸಂಬಂಧಿಸಿದ್ದು. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1950ರ ದಶಕದ ಕೊನೆಯಲ್ಲಿ ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆಯಾದವರನ್ನು ಹಿಂಬಾಲಿಸಿ ನೋಡಿದಾಗ, ತಾಯಿಯ ಅಥವಾ ಹೆಂಡತಿಯ ಮನೆಗೆ ಹೋದವರಿಗಿಂತ ಬಾಡಿಗೆ ಕೊಠಡಿಗೆ ಹೋದ ಎಷ್ಟೋ ಮಂದಿ ಸುಖವಾಗಿದ್ದರು. ಮುಂದೆ ಹೊರಬಿದ್ದ ಕಾರಣವೆಂದರೆ, ಮನೆಯವರ ನುಡಿಯಲ್ಲಿ ಟೀಕೆಯೂ ಹಗೆತನವೂ ಹೆಚ್ಚಿದ್ದಲ್ಲಿ ರೋಗವು ಮರುಕಳಿಸುತ್ತಿತ್ತು. ಅದೇ ಅಳತೆಗೋಲನ್ನು ಚಂಡೀಗಡದಲ್ಲಿ ಹಿಡಿದು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿನ ಮನೆಗಳಲ್ಲಿ ಕಟುನುಡಿ ಲಂಡನ್ನಿಗಿಂತ ಕಡಮೆಯೆಂದು ಕಂಡುಬಂತು. ನಮ್ಮ ಕುಟುಂಬದ ಬಗ್ಗೆ ಹೆಮ್ಮೆಪಡುವವರು ಈ ಎರಡನೆಯದನ್ನು ಉತ್ಸಾಹದಿಂದ ಉದಾಹರಿಸುವರು. ಮೊದಲನೆಯದನ್ನೂ ಜೊತೆಗಿಟ್ಟು ಓದಿದರೆ ಉಪಕಾರವಾದೀತು.

ಈಗ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹರಡುತ್ತಿರುವ ಮನೆಯಾದರೋ ತೊಟ್ಟಿಮನೆಯೂ ಅಲ್ಲ, ಗಂಡಹೆಂಡಿರ ಬಿಡಿಮನೆಯೂ ಅಲ್ಲ. ನಾಗಮಂಗಲದ ಮಳೆಯಾಧಾರದ ಹೊಲಗಳು ಮಕ್ಕಳನ್ನು ಬೆಂಗಳೂರಿಗೆ ಕಳಿಸಿ ಬಹಳ ದಿನವಾಯಿತು. ಕೃಷ್ಣರಾಜಪೇಟೆಯ ಎಷ್ಟು ಮನೆಗಳ ಹರೆಯವು ಮುಂಬಯಿಯಲ್ಲಿತ್ತೆಂಬುದು 2020ರ ಮೇ ತಿಂಗಳಲ್ಲಿ, ಕೊರೋನದ ಭಯದಿಂದ ಅವರೆಲ್ಲ ಊರಿಗೆ ಹಿಂದಿರುಗಿ ಹಾಸ್ಟೆಲ್ಲುಗಳಲ್ಲೂ ಶಾಲೆಗಳಲ್ಲೂ ಕ್ವಾರಂಟೈನಾದಾಗ ಜಿಲ್ಲೆಗೆಲ್ಲ ಗೋಚರಿಸಿತು. ಉಳಿದ ಮನೆಗಳಲ್ಲಿ ಒಬ್ಬ ತಾಯಿ, ಅವಳೊಡನೆ ಮೂವತ್ತೈದು ನಲವತ್ತು ದಾಟಿದ, ವ್ಯವಸಾಯ ಮಾಡುವ, ಮದುವೆಯಾಗದ ಒಬ್ಬ ಮಗ. 2022ರ ನವೆಂಬರಿನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನಡೆದ ವಧೂವರರ ಸಮಾವೇಶಕ್ಕೆ ಹನ್ನೊಂದು ಸಾವಿರಕ್ಕೂ ಮೀರಿ ಗಂಡುಗಳು ಅರ್ಜಿ ಹಾಕಿಕೊಂಡರೆ ಹೆಣ್ಣುಗಳ ಅರ್ಜಿ ಸುಮಾರು 250 ಮಾತ್ರವೆಂದು ಪತ್ರಿಕೆಗಳಲ್ಲಿ ಬಂತು. ಮರುವರ್ಷ ಫೆಬ್ರವರಿಯಲ್ಲಿ ನೆರೆಯ ಮದ್ದೂರು ತಾಲ್ಲೂಕಿನಿಂದ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ಊರೂರು ನಕ್ಕಿತು. ನಗಬಾರದಾಗಿತ್ತು. ಅದೇ 2023ರ ಕೊನೆಯಲ್ಲಿ, ಇದೇ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು ಭ್ರೂಣದ ಲಿಂಗ ನೋಡುತ್ತಿದ್ದ ಜಾಲವನ್ನು ಪೊಲೀಸರು ಹಿಡಿದರು. ಬೆಲ್ಲ ಬೇಯುವ ಮನೆಯಲ್ಲಿ ಹೆಣ್ಣನ್ನು ಹೊಸಕಿ, ಬೆಟ್ಟಕ್ಕೆ ನಡೆದು ಹೆಣ್ಣನ್ನು ಬೇಡುವ ಸಮಾಜಕ್ಕೆ ಮಾದಪ್ಪನು ಏನೆಂದು ವರ ಕೊಟ್ಟಾನು?

ಆದರೂ ಹೆಣ್ಣು ಸಿಗದಿರುವುದಕ್ಕೆ ಸಂಖ್ಯೆಯ ಕೊರತೆಯೊಂದೇ ಕಾರಣವಲ್ಲ. ಇರುವ ಹೆಣ್ಣುಮಕ್ಕಳೂ ಒಲ್ಲೆನೆನ್ನುತ್ತಿದ್ದಾರೆ. ಹುಡುಗಿಯರಿಗೆ ಬೆಂಗಳೂರಿನ ಷೋಕಿ ಹತ್ತಿದೆಯೆಂದು ಅರಳಿಕಟ್ಟೆಯ ಮೇಲೆ ತೀರ್ಪಾಗುವುದುಂಟು. ಪದವಿ ಪಡೆದು ಬೆಂಗಳೂರಿನ ಆಫೀಸೊಂದರಲ್ಲಿ ದುಡಿಯುವ ನನ್ನ ತಂಗಿಯ ಮಗಳಿಗೆ ಪಾಂಡವಪುರದ ಕಡೆಯ ಸಂಬಂಧವೊಂದು ಬಂದಿತ್ತು: ನಾಲೆಯ ಕೆಳಗೆ ಮೂರೆಕರೆ ಗದ್ದೆ, ಕುಡಿಯದ ಹುಡುಗ. ಅವಳು ಒಪ್ಪಲಿಲ್ಲ. ಕಾರಣ ಕೇಳಿದುದಕ್ಕೆ, “ಹುಡ್ಗ ಒಳ್ಳೇವ್ನೇ ಮಾವ. ಆ ಮನೇಲಿ ನಾನು ಯಾರ್ ಜೊತೆ ಮಾತಾಡ್ಲಿ?” ಎಂದಳು. ಇದರಲ್ಲಿ ಷೋಕಿ ಎಲ್ಲಿದೆಯೋ ನಾನು ಕಾಣೆ. ಅಜ್ಜಿಯರು, ಅವ್ವಂದಿರು, ಚಿಕ್ಕವ್ವಂದಿರು ಒಲೆಯ ಮುಂದೆ ನುಂಗಿಕೊಂಡುದನ್ನೆಲ್ಲ ಮೊಮ್ಮಗಳು ಸಾಕ್ಷಿಯಾಗಿ ನುಡಿಯುತ್ತಿದ್ದಾಳೆ. ನಮ್ಮ ಮನೆಗಳ ಮನಃಸ್ವಾಸ್ಥ್ಯವನ್ನು ಕುರಿತು ಇದಕ್ಕಿಂತ ನಂಬತಕ್ಕ ವರದಿಯನ್ನು ಯಾವ ತಜ್ಞ ಸಮಿತಿಯೂ ಕೊಡಲಾರದು. ದಂಪತಿಗಳ ಸಲ್ಲಾಪವನ್ನೇ ಕಾವ್ಯದ ವಸ್ತುವಾಗಿಸಿ 1942ರಲ್ಲಿ ‘ಮೈಸೂರ ಮಲ್ಲಿಗೆ’ಯನ್ನು ಕೊಟ್ಟ ಕೆ. ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಕಿಕ್ಕೇರಿಯೂ ಈ ಉಪವಿಭಾಗದೊಳಗೇ ಇದೆ. ಆ ಹಾಡುಗಳನ್ನು ಮದುವೆಮನೆಯ ಮೈಕಿನಲ್ಲಿ ಹಾಕಿಸುವ ನಾವು, ಸೊಸೆ ಮಾತನಾಡಿದರೆ ಬಾಯಿಬಡುಕಿಯೆಂದೆವು.

ತಾಯಿಮಗನ ಮನೆಯಲ್ಲಿ ಕಷ್ಟವು ಜಗಳದ ರೂಪದಲ್ಲಿ ಬರುವುದಿಲ್ಲ, ಮೌನದ ರೂಪದಲ್ಲಿ ಬರುತ್ತದೆ. ಅವಳಿಗೆ ಬಿ.ಪಿ. ಮಾತ್ರೆ ಮುಗಿದಿರುವುದು ಅವನಿಗೆ ತಿಳಿಯದು. ಅವನು ಸಂಜೆ ಎಲ್ಲಿ ಕೂರುತ್ತಾನೆಂಬುದು ಅವಳಿಗೆ ತಿಳಿದಿದ್ದರೂ ಕೇಳಳು. ಹಬ್ಬ ಬಂದರೆ ನೆಂಟರ ಮನೆಗೆ ಹೋಗಲು ಇಬ್ಬರಿಗೂ ಸಂಕೋಚ, ಏಕೆಂದರೆ ಅಲ್ಲಿ ಮೊದಲನೆಯ ಪ್ರಶ್ನೆ ಮದುವೆಯದೇ. 2015ರಲ್ಲಿ ಕಬ್ಬಿನ ಬಾಕಿ ನಿಂತು, ಸಾಲ ಮುಗಿಬಿದ್ದು, ಜಿಲ್ಲೆಯ ರೈತರು ಒಬ್ಬರ ಹಿಂದೊಬ್ಬರು ಪ್ರಾಣ ಕಳೆದುಕೊಂಡಾಗ ನಾವು ಸಾಲದ ಮೊತ್ತವನ್ನು ಎಣಿಸಿದೆವು. ಆ ಸಾಲವನ್ನು ರಾತ್ರಿ ಯಾರೊಡನೆಯಾದರೂ ಹೇಳಿಕೊಳ್ಳುವಂತಿತ್ತೇ ಎಂಬುದನ್ನು ಎಣಿಸಲಿಲ್ಲ. 14416ಕ್ಕೆ ಕರೆಮಾಡಿದರೆ ಕನ್ನಡದಲ್ಲಿಯೇ ಕೇಳಿಸಿಕೊಳ್ಳುವ ಟೆಲಿ ಮಾನಸ್ ಎಂಬ ಸರ್ಕಾರದ ಸೇವೆ 2022ರಿಂದ ಇದೆ. ಅದರ ಸಂಖ್ಯೆಯನ್ನು ಹಾಲಿನ ಡೈರಿಯ ಗೋಡೆಯ ಮೇಲೆ ಬರೆಯಿಸಿದರೆ ಒಳ್ಳೆಯದು, ಏಕೆಂದರೆ ದಿನಕ್ಕೆರಡು ಸಲ ಊರೆಲ್ಲ ಸೇರುವ ಸ್ಥಳ ಈಗ ಅದೊಂದೇ. ವೈದ್ಯರು ರಕ್ತದೊತ್ತಡ ನೋಡುವಾಗ, ನಿಮ್ಮೊಡನೆ ಕುಳಿತು ಉಣ್ಣುವವರು ಯಾರೆಂದು ಒಂದು ಮಾತು ಕೇಳಿದರೆ ಖರ್ಚೇನೂ ತಗಲದು. 1994ರಲ್ಲಿಯೇ ಕರ್ನಾಟಕವು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಭಾಗವನ್ನು ಕೊಟ್ಟ ಶಾಸನವನ್ನು, ಮದುವೆಯ ದಿನವೇ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಂಡು ನಿಷ್ಫಲಗೊಳಿಸುವ ಪರಿಪಾಠವನ್ನು ನಿಲ್ಲಿಸಿದರೆ, ತವರು ಎಂಬುದು ಗೌರಿಹಬ್ಬದ ಬಾಗಿನಕ್ಕೆ ಮಾತ್ರ ಉಳಿಯದೆ, ಹೆಣ್ಣಿನ ಬೆನ್ನಿಗೆ ಆನಿಕೆಯಾಗಿಯೂ ಉಳಿದೀತು.

ಹೋದ ಯುಗಾದಿಗೆ ಊರಿಗೆ ಹೋಗಿದ್ದೆ. ಗೋಡೆಯ ಈಚೆಯ ನಮ್ಮ ಪಾಲಿನ ಮನೆಗೆ ಬೀಗ ಬಿದ್ದು ವರ್ಷಗಳಾಗಿವೆ. ಕಿಂಡಿಯಲ್ಲಿ ಚಿಕ್ಕವ್ವ ಬೆಂಕಿಪೊಟ್ಟಣವನ್ನೂ ಮಾತ್ರೆಯ ಹಾಳೆಯನ್ನೂ ಇಟ್ಟುಕೊಂಡಿದ್ದಾಳೆ. ಎಪ್ಪತ್ತು ದಾಟಿದ ಅವಳಿಗೆ ಮೊಣಕಾಲು ಬಾರದು. ನಲವತ್ತರ ಮಗನಿಗೆ ಇನ್ನೂ ಹೆಣ್ಣು ನೋಡುತ್ತಿರುವೆಯಾ ಎಂದು ಕೇಳಿದೆ. “ಬರೋಳಿದ್ರೆ ಬರ್ಲಿ ಕಣಪ್ಪ, ನಾನೇ ಬಡಿಸ್ತೀನಿ, ಅವ್ಳೇ ಮೊದ್ಲು ಉಣ್ಲಿ” ಎಂದಳು. ಒಳಗೆ ಅವನು, ಎರಡು ಕಾಲಿನ ನಡುವೆ ಪಾತ್ರೆಯನ್ನು ಅದುಮಿ ಹಿಡಿದು, ರಾತ್ರಿಯ ಹಿಟ್ಟು ತೊಳಸುತ್ತಿದ್ದನು.