ಪರಿಸರ ವಿಜ್ಞಾನ ಓದುವ ಮಕ್ಕಳು ನಮ್ಮ ಹೊಲಕ್ಕೂ ಬೇಕು

"ಪರಿಸರ ವಿಜ್ಞಾನ ಓದಿ ಏನು ಮಾಡ್ತಾಳೆ? ಗಿಡ ನೆಡೋದಕ್ಕೂ ಎಂ.ಎಸ್ಸಿ. ಬೇಕಾ?"

ಹೋದ ತಿಂಗಳು ಹಲಸೂರಿನ ಮನೆಯಲ್ಲಿ ನಮ್ಮ ಭಾವ ಕೇಳಿದ ಪ್ರಶ್ನೆ ಇದು. ಅಕ್ಕನ ಮಗಳು ಬಿ.ಎಸ್ಸಿ. ಮುಗಿಸಿದ್ದಾಳೆ. ಅವಳು ಬಿ.ಎಡ್. ಮಾಡಲಿ, ಇಲ್ಲಾಂದ್ರೆ ಬ್ಯಾಂಕ್ ಪರೀಕ್ಷೆ ಬರೆಯಲಿ ಅನ್ನೋದು ಭಾವನ ಆಸೆ. ಅವಳಿಗೆ ಪರಿಸರ ವಿಜ್ಞಾನದಲ್ಲೇ ಮುಂದುವರಿಯಬೇಕು. ಇಬ್ಬರೂ ನನ್ನ ಮುಖ ನೋಡಿದರು. ತೋಟಗಾರಿಕೆ ಓದಿ, ಕೆಲಸಕ್ಕೆ ಹೋಗದೆ ಸೊಪ್ಪು ತರಕಾರಿ ಬೆಳೆಯೋಕೆ ಇಳಿದವನು ನಾನು. ಭಾವನ ಲೆಕ್ಕದಲ್ಲಿ ನನ್ನ ಸಲಹೆಗೆ ಅಂಥಾ ಬೆಲೆ ಇಲ್ಲ. ಆದರೂ ಹೇಳಿದೆ: "ಓದಲಿ ಬಿಡಿ ಭಾವ. ಅವಳು ಓದಿದ್ದಕ್ಕೇ ನಾನು ದೊಡ್ಡ ತಪ್ಪಿಂದ ಪಾರಾದೆ."

ಆ ತಪ್ಪು ಏನು ಅಂತ ಇಲ್ಲೂ ಹೇಳಬೇಕು. ಬೆಂಗಳೂರಿನ ಸುತ್ತ ಸೊಪ್ಪು ಬೆಳೆಯುವ ಯಾರು ಬೇಕಾದರೂ ಇದನ್ನು ಮಾಡಬಹುದು.

ಕೆಮಿಕಲ್ ಹಾಕಿಲ್ಲ, ನೀರು ನೋಡಿಲ್ಲ

ಕೆ.ಆರ್.ಪುರ ದಾಟಿ, ಒಂದು ಕೆರೆಯ ಅಚ್ಚುಕಟ್ಟಿನಲ್ಲಿ ಎರಡು ಎಕರೆ ಗುತ್ತಿಗೆಗೆ ಹಿಡಿದಿದ್ದೆ. ಕೊಟ್ಟಿಗೆ ಗೊಬ್ಬರ, ಜೀವಾಮೃತ, ಬೇವಿನ ಹಿಂಡಿ ಬಿಟ್ಟು ಬೇರೇನೂ ಹಾಕಲಿಲ್ಲ. ನೀರು ಮಾತ್ರ ಕೆರೆ ಕಾಲುವೆಯದು. ಪಾಲಕ್, ದಂಟು, ಕೊತ್ತಂಬರಿ ಎಲ್ಲಾ ಸೊಗಸಾಗಿ ಬಂತು. ಬರದೇ ಏನು? ಚರಂಡಿ ಸೇರಿದ ನೀರಿನಲ್ಲಿ ಸಾರಜನಕ, ರಂಜಕ ಎರಡೂ ಧಾರಾಳವಾಗಿರುತ್ತದೆ. ಅಕ್ಕಪಕ್ಕದ ರೈತರು "ಈ ನೀರಿಗೆ ಗೊಬ್ಬರಾನೇ ಬೇಡ ಕಣಪ್ಪ" ಅನ್ನೋದು ಸುಳ್ಳಲ್ಲ.

ಸೊಪ್ಪು ಇಂದಿರಾನಗರದ ಮನೆಗಳಿಗೆ ಹೋಗುತ್ತಿತ್ತು. ಗಿರಾಕಿಗಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಕೆಮಿಕಲ್ ಹಾಕಿಲ್ಲ ತಾನೆ?" ಇಲ್ಲ ಅಂತ ನಾನೂ ಧೈರ್ಯವಾಗಿ ಹೇಳುತ್ತಿದ್ದೆ.

ಅಕ್ಕನ ಮಗಳು ಎರಡನೇ ವರ್ಷದ ಪ್ರಾಜೆಕ್ಟ್‌ಗೆ ಜಾಗ ಹುಡುಕುತ್ತಾ ತೋಟಕ್ಕೆ ಬಂದಳು. ಕಾಲುವೆ ನೋಡಿದವಳೇ "ಮಾಮ, ಈ ನೀರು ಟೆಸ್ಟ್ ಮಾಡ್ಸಿದ್ದೀಯಾ?" ಅಂದಳು. ಮಣ್ಣು ಮಾಡಿಸಿದ್ದೀನಿ ಅಂತ ಕಾರ್ಡ್ ತೋರಿಸಿದೆ. ಅವಳು ನೋಡಿ ವಾಪಸ್ ಕೊಟ್ಟಳು. ಮಣ್ಣು ಆರೋಗ್ಯ ಕಾರ್ಡ್‌ನಲ್ಲಿ 12 ಅಂಶ ಇರುತ್ತವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಬೆಳೆಗೆ ಏನು ಕಮ್ಮಿ ಅಂತ ಅದು ಹೇಳುತ್ತದೆ. ತಿನ್ನುವವರಿಗೆ ಏನು ಹೆಚ್ಚಾಯಿತು ಅಂತ ಹೇಳೋದಿಲ್ಲ. ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ ಆ ಪಟ್ಟಿಯಲ್ಲೇ ಇಲ್ಲ.

ಅವಳು ನೀರು, ಮಣ್ಣು, ಸೊಪ್ಪು ಮೂರನ್ನೂ ತೆಗೆದುಕೊಂಡು ಹೋದಳು. ಪಾಲಕ್‌ನಲ್ಲಿ ಕ್ಯಾಡ್ಮಿಯಂ ಮಿತಿ ದಾಟಿತ್ತು. ಸೊಪ್ಪು ತರಕಾರಿಗೆ ಅಂತಾರಾಷ್ಟ್ರೀಯ ಕೋಡೆಕ್ಸ್ ಮಿತಿ ಕಿಲೋಗೆ 0.2 ಮಿಲಿಗ್ರಾಂ. ಎರಡು ವರ್ಷ ಜನರಿಗೆ ಏನು ತಿನ್ನಿಸಿದೆ ಅಂತ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ದಿನ ಸೊಪ್ಪು ಕಿತ್ತು ಹಾಕಿದೆ. ಹಸುವಿಗೂ ಹಾಕಲಿಲ್ಲ, ಕಾಂಪೋಸ್ಟ್ ಗುಂಡಿಗೂ ಹಾಕಲಿಲ್ಲ. ಲೋಹ ಕೊಳೆಯೋದಿಲ್ಲ, ಗೊಬ್ಬರದ ಜೊತೆ ಮತ್ತೆ ಹೊಲಕ್ಕೇ ಬರುತ್ತದೆ. ಗಿರಾಕಿಗಳಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅರ್ಧಕ್ಕರ್ಧ ಜನ ಬಿಟ್ಟು ಹೋದರು. ಅವರದ್ದು ತಪ್ಪು ಅನ್ನೋಕೆ ಬಾಯಿ ಬರಲಿಲ್ಲ.

ಈ ನೀರು ಎಲ್ಲಿಂದ ಬರುತ್ತೆ

ನನ್ನ ಕಥೆ ಸಣ್ಣದು. ಪೂರ್ವ ಬೆಂಗಳೂರಿನ ನೀರಿನ ಕಥೆ ದೊಡ್ಡದು. ಭಾವನ ಮನೆ ಹತ್ತಿರದ ಹಲಸೂರು ಕೆರೆಯ ನೀರು ರಾಜಕಾಲುವೆ ಹಿಡಿದು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ಆಮೇಲೆ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಮುಂದೆ ಹೊಸೂರಿನ ಹತ್ತಿರ ಕೆಲವರಪಳ್ಳಿ ಜಲಾಶಯ. ದಾರಿಯುದ್ದಕ್ಕೂ ರೈತರು ಈ ನೀರು ಎತ್ತುತ್ತಾರೆ. ಬೆಳ್ಳಂದೂರು ಕೆರೆಗೆ 2015ರಲ್ಲೂ 2017ರಲ್ಲೂ ಬೆಂಕಿ ಹತ್ತಿದಾಗ ದೇಶವೇ ನೋಡಿತು. ನೊರೆ ರಸ್ತೆಗೆ ಹಾರಿದಾಗ ಫೋಟೊ ತೆಗೆದರು. ಅದೇ ನೀರಿನ ಕೆಳಗೆ ಬೆಳೆದ ಸೊಪ್ಪಿನ ಫೋಟೊ ಯಾರೂ ತೆಗೆಯಲಿಲ್ಲ, ಅದು ಹಸಿರಾಗಿ ಚೆನ್ನಾಗೇ ಕಾಣುತ್ತಿತ್ತು.

2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಶುರುವಾದ ಒಂದೆರಡು ತಿಂಗಳಲ್ಲೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿತು, ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ನೀರು ಮತ್ತೆ ಹರಿಯಿತು. ಈ ನೀರು ಅಂತರ್ಜಲ ಮರುಪೂರಣಕ್ಕೆ, ನೇರವಾಗಿ ಬೆಳೆಗೆ ಹಾಯಿಸೋಕಲ್ಲ. ಒಣಗಿದ ಬೋರ್‌ನಲ್ಲಿ ನೀರು ಕಂಡ ಕೋಲಾರದ ರೈತನ ಸಂತೋಷವೂ ನಿಜ, ಎರಡನೇ ಹಂತದ ಶುದ್ಧೀಕರಣ ಸಾಕೇ ಅನ್ನೋ ಭಯವೂ ನಿಜ. ಇದನ್ನು ಭಾಷಣದಿಂದ ತೀರ್ಮಾನಿಸೋಕಾಗಲ್ಲ. ವರ್ಷ ವರ್ಷ ಅದೇ ಕೆರೆ, ಅದೇ ಬೋರ್, ಅದೇ ಹೊಲದ ಮಾದರಿ ತೆಗೆದು ಅಳೆಯುವ ಜನ ಬೇಕು. ಪರಿಸರ ವಿಜ್ಞಾನ ಓದಿದವರ ಕೆಲಸ ಅದೇ.

ಓದಿಸೋ ರೀತಿ ಬದಲಾಗಬೇಕು

ಭಾವನ ಅನುಮಾನದಲ್ಲಿ ಸತ್ಯ ಇಲ್ಲ ಅಂತಲ್ಲ. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಬೇಕು ಅಂದಿತು. ಹಾಗಾಗಿ ಇವತ್ತು ಯಾವ ಡಿಗ್ರಿ ಮಾಡಿದರೂ ಪರಿಸರದ ಒಂದು ಪೇಪರ್ ಇರುತ್ತದೆ. ನಾನೂ ಬರೆದು ಪಾಸಾಗಿದ್ದೆ. ಓಜೋನ್ ಪದರ, ಆಹಾರ ಸರಪಳಿ, ಜೂನ್ 5ಕ್ಕೆ ಸಸಿ. ಆ ಪೇಪರ್ ಓದಿದವನೇ ಚರಂಡಿ ನೀರಲ್ಲಿ ಪಾಲಕ್ ಬೆಳೆದೆ ಅಂದಮೇಲೆ ಅದರಿಂದ ಬಂದ ಪ್ರಯೋಜನ ಎಷ್ಟು ಅಂತ ನೀವೇ ಹೇಳಿ.

ಕೃಷಿ, ತೋಟಗಾರಿಕೆ ಓದಿದ ನಮಗೆ ಇಳುವರಿ ಗೊತ್ತು, ಮಾಲಿನ್ಯ ಗೊತ್ತಿಲ್ಲ. ಪರಿಸರ ಓದಿದವರಿಗೆ ಕೆರೆ ಗೊತ್ತು, ಕೆರೆ ಕೆಳಗಿನ ಹೊಲ ಗೊತ್ತಿಲ್ಲ. ಅವರ ಮಾದರಿ ಸಂಗ್ರಹ ಏರಿ ಮೇಲೆ ಮುಗಿದುಬಿಡುತ್ತದೆ. ತೂಬು ದಾಟಿ ಕೆಳಗೆ ಬರಬೇಕು ಅನ್ನೋದೇ ನನ್ನ ಒತ್ತಾಯ. ಪ್ರತಿ ವಿದ್ಯಾರ್ಥಿಯ ಪ್ರಾಜೆಕ್ಟ್ ಒಬ್ಬ ರೈತನ ಹೊಲದಲ್ಲಿ ಆಗಲಿ. ಫಲಿತಾಂಶ ಲೈಬ್ರರಿಯಲ್ಲಿ ಕೂರದೆ ಆ ರೈತನ ಕೈಗೆ ಕನ್ನಡದಲ್ಲಿ ಒಂದು ಪುಟ ಬರಲಿ.

ಸೇರುವ ಮೊದಲು

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ, ಮೈಸೂರಿನ ಮಾನಸಗಂಗೋತ್ರಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಸ್ನಾತಕೋತ್ತರ ವಿಭಾಗಗಳಿವೆ. ಜಿಕೆವಿಕೆಯಲ್ಲಿ ಅರಣ್ಯ ಮತ್ತು ಪರಿಸರ ವಿಜ್ಞಾನ ವಿಭಾಗ ಇದೆ. ಸೇರುವ ಮಕ್ಕಳಿಗೆ ಮೂರು ಮಾತು.

1. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಬಿಡಬೇಡಿ, ಸಂಖ್ಯಾಶಾಸ್ತ್ರ ಕಲಿಯಿರಿ. ಅಳೆಯೋಕೆ ಬರದಿದ್ದರೆ ಈ ಓದು ಬರೀ ಮಾತಾಗುತ್ತದೆ.
2. ಅರ್ಜಿ ಹಾಕುವ ಮೊದಲು ವಿಭಾಗಕ್ಕೆ ಹೋಗಿ ಲ್ಯಾಬ್ ನೋಡಿ. ಲೋಹ ಅಳೆಯುವ ಯಂತ್ರ ಇದೆಯಾ, ವಿದ್ಯಾರ್ಥಿಗಳ ಕೈಗೆ ಕೊಡ್ತಾರಾ ಅಂತ ಹಿರಿಯ ವಿದ್ಯಾರ್ಥಿಗಳನ್ನೇ ಕೇಳಿ.
3. ಸರ್ಕಾರಿ ಕೆಲಸದ ಆಸೆ ಇದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಹಳೆಯ ನೇಮಕಾತಿ ಅಧಿಸೂಚನೆ ತೆಗೆದು ಯಾವ ಹುದ್ದೆಗೆ ಯಾವ ಡಿಗ್ರಿ ಕೇಳಿದ್ದಾರೆ ಅಂತ ಮೊದಲೇ ಓದಿ. ಬೋಧನೆ, ಸಂಶೋಧನೆಗೆ ಹೋಗುವವರಿಗೆ ಯುಜಿಸಿ ನೆಟ್‌ನಲ್ಲೂ ಎಎಸ್‌ಆರ್‌ಬಿ ನೆಟ್‌ನಲ್ಲೂ ಈ ವಿಷಯ ಇದೆ.

ರೈತರು ಮಾಡಬೇಕಾದ್ದು

ಊರ ಚರಂಡಿ ಅಥವಾ ಕಾರ್ಖಾನೆ ನೀರು ಸೇರುವ ಕೆರೆಯ ಕೆಳಗೆ ಸೊಪ್ಪು ಬೆಳೆಯುತ್ತಿದ್ದರೆ ಒಮ್ಮೆ ಲೋಹದ ಪರೀಕ್ಷೆ ಮಾಡಿಸಿ. ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್ ಆದರೆ ಒಳ್ಳೆಯದು. ಮಾದರಿ ತೆಗೆಯೋಕೆ ಯಾವ ಡಬ್ಬ, ಎಷ್ಟು ನೀರು ಅಂತ ಮೊದಲೇ ಕೇಳಿಕೊಳ್ಳಿ. ಬೋರ್ ನೀರಾದರೆ ಮೋಟಾರ್ ಹತ್ತು ನಿಮಿಷ ಓಡಿಸಿ ಆಮೇಲೆ ಹಿಡಿಯಿರಿ. ಲೋಹ ಹೆಚ್ಚಿದ್ದರೆ ಸೊಪ್ಪು, ಗೆಡ್ಡೆ ಬೆಳೆ ನಿಲ್ಲಿಸಿ. ಸಾಮಾನ್ಯವಾಗಿ ಕ್ಯಾಡ್ಮಿಯಂ ಎಲೆಗೆ ಏರುವಷ್ಟು ಕಾಯಿಗೆ ಏರೋದಿಲ್ಲ. ಆದರೂ ಕಾಯನ್ನೂ ಪರೀಕ್ಷೆ ಮಾಡಿಸದೆ ಮಾರಬೇಡಿ. ಮಣ್ಣು ಹುಳಿಯಾದಷ್ಟೂ ಬೇರು ಕ್ಯಾಡ್ಮಿಯಂ ಹೆಚ್ಚು ಹೀರುತ್ತದೆ. ಹುಳಿ ಮಣ್ಣಿಗೆ ಸುಣ್ಣ, ಜೊತೆಗೆ ಚೆನ್ನಾಗಿ ಕಳಿತ ಗೊಬ್ಬರ ಹಾಕಿದರೆ ಅದು ಕಡಿಮೆಯಾಗುತ್ತದೆ, ಪೂರ್ತಿ ಹೋಗೋದಿಲ್ಲ.

ನಾನು ಆ ಎರಡು ಎಕರೆಗೆ ಚೆಂಡುಹೂವು, ಸೇವಂತಿಗೆ ಹಾಕಿದ್ದೀನಿ. ಸೊಪ್ಪನ್ನು ಬೇರೆ ಕಡೆ, ಪರೀಕ್ಷೆ ಮಾಡಿಸಿದ ಬೋರ್ ನೀರಲ್ಲಿ ಬೆಳೆಯುತ್ತೇನೆ. ಹೂವಿನಲ್ಲಿ ಒಂದು ಪಾಲು ಹಲಸೂರಿಗೇ ಹೋಗುತ್ತೆ, ಭಾವನ ಹೂವಿನ ಅಂಗಡಿಗೆ. ಅದನ್ನೇ ನೆನಪಿಸಿದೆ: "ನೀವು ಮಾರ್ತಿರೋ ಚೆಂಡುಹೂವು ನಿಮ್ಮ ಮಗಳ ಓದಿಂದ ಬಂದಿದ್ದು ಭಾವ."

ಅವರು ಆಗ ಏನೂ ಅನ್ನಲಿಲ್ಲ. ಮೊನ್ನೆ ಫೋನ್ ಮಾಡಿ, ಹಲಸೂರಿಂದ ಜ್ಞಾನಭಾರತಿಗೆ ಮೆಟ್ರೋದಲ್ಲಿ ಎಷ್ಟು ಹೊತ್ತಾಗುತ್ತೆ ಅಂತ ಕೇಳಿದರು. ಒಂದೇ ಮಾರ್ಗ, ಎಲ್ಲೂ ಇಳಿದು ಬದಲಾಯಿಸೋ ಹಾಗಿಲ್ಲ ಅಂತ ಹೇಳಿದ್ದೀನಿ.