ಅಡ್ವಾನ್ಸ್ ವಾಪಸ್ ಪಡೆಯುವ ಮುನ್ನ

ಅಡ್ವಾನ್ಸ್ ಕೊಟ್ಟಾಗಿದೆ, ಬ್ಯಾಂಕಿನಲ್ಲಿ ಸಾಲ ಮಂಜೂರಾಗಿದೆ, ಗೃಹಪ್ರವೇಶಕ್ಕೆ ದಿನವನ್ನೂ ಕೇಳಿಯಾಗಿದೆ. ಆಗ ಮನೆ ಮಾರುವವರಿಂದ ಫೋನು: 'ಮಗ ಒಪ್ಪುತ್ತಿಲ್ಲ, ನಿಮ್ಮ ದುಡ್ಡು ವಾಪಸ್ ತಗೊಳ್ಳಿ.' ಮಗ ಒಪ್ಪದಿರಲು ಕಾರಣ ಹೆಚ್ಚಾಗಿ ಇನ್ನೊಬ್ಬರು ಮುಂದಿಟ್ಟ ಹೆಚ್ಚಿನ ಬೆಲೆ. ವೇಳಚ್ಚೇರಿಯಲ್ಲೋ ತಾಂಬರಂನಲ್ಲೋ ಬೆಲೆ ಏರಿದಾಗ ಇಂಥ ಸಂಗತಿ ಸಂಘದ ಊಟದ ಪಂಕ್ತಿಯಲ್ಲೂ ಕೇಳಿಬರುತ್ತದೆ.

'ಪರವೂರಿನಲ್ಲಿ ಕೋರ್ಟು ಕಚೇರಿ ಯಾಕೆ' ಎಂದು ಹಣ ಪಡೆದು ಸುಮ್ಮನಾಗುವ ಕನ್ನಡಿಗರೇ ಹೆಚ್ಚು. ಅದು ಅವರವರ ಇಷ್ಟ. ಆದರೆ ಕಾನೂನು ಅದಕ್ಕಿಂತ ಹೆಚ್ಚಿನದನ್ನು ಕೊಟ್ಟಿದೆ ಎಂಬುದನ್ನು ತಿಳಿದ ಮೇಲೆ ಸುಮ್ಮನಾಗುವುದು ಬೇರೆ, ತಿಳಿಯದೆ ಸುಮ್ಮನಾಗುವುದು ಬೇರೆ.

1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಪ್ರಕಾರ, ಕರಾರಿನಂತೆ ಕ್ರಯಪತ್ರ ಮಾಡಿಕೊಡಲು ಮಾರುವವರಿಗೆ ಆದೇಶಿಸಬೇಕೆಂದು ಕೊಳ್ಳುವವರು ದಾವೆ ಹೂಡಬಹುದು. ಡಿಕ್ರಿಯಾದ ಮೇಲೂ ಅವರು ಸಹಿ ಹಾಕದಿದ್ದರೆ ನ್ಯಾಯಾಲಯವೇ ಅವರ ಪರವಾಗಿ ಪತ್ರ ಮಾಡಿಸಿಕೊಡುತ್ತದೆ. ಮೊದಲು ಇಂಥ ಆದೇಶ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದಾಗಿತ್ತು. 2018ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಆ ವಿವೇಚನೆಯನ್ನು ಬಹಳಷ್ಟು ಕಡಿಮೆ ಮಾಡಿದೆ.

ಆದರೆ ಹಣ ಕೊಡಲು ತಾವು ಮೊದಲಿನಿಂದ ಕೊನೆಯವರೆಗೂ ಸಿದ್ಧರಿದ್ದೆವು ಎಂಬುದನ್ನು ಕೊಳ್ಳುವವರೇ ರುಜುವಾತು ಮಾಡಬೇಕು. ಬಾಯಿಮಾತು ಸಾಲದು. ಸಾಲ ಮಂಜೂರಾತಿ ಪತ್ರ, ಪಾಸ್‌ಬುಕ್, ವಕೀಲರ ನೋಟಿಸ್ ಇರಬೇಕು. ಎಡವುವುದು ಬಹಳ ಜನ ಇಲ್ಲಿಯೇ.

ಮದುರೆಯ ಒಂದು ಮನೆಯ ಪ್ರಕರಣ ಇದಕ್ಕೆ ನಿದರ್ಶನ. 1978ರ ಡಿಸೆಂಬರ್‌ನಲ್ಲಿ 60,000 ರೂಪಾಯಿಗೆ ಕರಾರಾಯಿತು, ಮುಂಗಡ 5,000 ರೂಪಾಯಿ, ಗಡುವು ಆರು ತಿಂಗಳು. ಕೊಳ್ಳುವವರು ನೋಟಿಸ್ ಕಳಿಸಿದ್ದು ಸುಮಾರು ಎರಡೂವರೆ ವರ್ಷದ ನಂತರ. ಅಷ್ಟರಲ್ಲಿ ಬೆಲೆ ಮೂರು ಪಟ್ಟಾಗಿತ್ತು. ದಾವೆ ಮೂರು ವರ್ಷದ ಕಾಲಮಿತಿಯೊಳಗೇ ಇದ್ದರೂ 1997ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಮನೆ ಕೊಡಿಸಲಿಲ್ಲ. 2011ರಲ್ಲಿ, ತಮಿಳುನಾಡಿನದೇ ಇನ್ನೊಂದು ಪ್ರಕರಣದಲ್ಲಿ, ಕರ್ನಾಟಕ ಹೈಕೋರ್ಟಿನಿಂದ ಹೋಗಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಪೀಠ ಇದೇ ಮಾತನ್ನು ಇನ್ನಷ್ಟು ಖಡಾಖಂಡಿತವಾಗಿ ಹೇಳಿತು. ಮೂರು ವರ್ಷ ಇದೆಯೆಂದು ಕಾಯುತ್ತ ಕೂರುವವರು ಈ ಎರಡು ತೀರ್ಪುಗಳನ್ನು ನೆನಪಿಡಬೇಕು.

ಇನ್ನು ನೋಂದಣಿ. ತಮಿಳುನಾಡಿನಲ್ಲಿ 2012ರ ಡಿಸೆಂಬರ್‌ನಿಂದ ಮಾರಾಟದ ಕರಾರನ್ನೂ ನೋಂದಾಯಿಸುವುದು ಕಡ್ಡಾಯ. ಹಾಗೆಂದು ನೋಂದಾಯಿಸದ ಕರಾರು ಬರೀ ಕಾಗದವಲ್ಲ. ಕ್ರಯಪತ್ರಕ್ಕಾಗಿ ಹೂಡುವ ದಾವೆಯಲ್ಲಿ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದು 2023ರ ಏಪ್ರಿಲ್‌ನಲ್ಲಿ, ಇಲ್ಲಿಯದೇ ಪ್ರಕರಣವೊಂದರಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಕೆಲವು ಸಾವಿರ ಉಳಿಸಲು ನೋಂದಣಿ ಬಿಡುವುದು ದುಬಾರಿಯಾದೀತು. ನೋಂದಾಯಿಸಿದ ಕರಾರು 'ವಿಲ್ಲಂಗ' ಪತ್ರದಲ್ಲಿ, ಅಂದರೆ ಇ.ಸಿ.ಯಲ್ಲಿ ಕಾಣಿಸುತ್ತದೆ. ಆಮೇಲೆ ಕೊಂಡವರು 'ನಮಗೆ ಗೊತ್ತೇ ಇರಲಿಲ್ಲ' ಎಂದು ತಪ್ಪಿಸಿಕೊಳ್ಳುವುದು ಕಷ್ಟ.

ಮನೆ ಸಿಗದಿದ್ದರೆ ಮುಂಗಡವನ್ನಾದರೂ ಬಡ್ಡಿಸಹಿತ ಕೊಡಿಸಿ ಎಂದು ಅದೇ ದಾವೆಯಲ್ಲಿ ಕೇಳಿಕೊಳ್ಳಬೇಕು. ಕೇಳದಿದ್ದರೆ ಕೋರ್ಟು ತಾನಾಗಿ ಕೊಡದು. ಮನೆ ಇನ್ನೊಬ್ಬರ ಕೈಸೇರದಂತೆ ತಡೆಯಾಜ್ಞೆಗೂ ಜೊತೆಯಲ್ಲೇ ಅರ್ಜಿ ಹಾಕಬಹುದು. ಮೊದಲು ಪೊಲೀಸ್ ಠಾಣೆಗೆ ಓಡುವವರೂ ಉಂಟು. ಆರಂಭದಿಂದಲೇ ಮೋಸದ ಉದ್ದೇಶವಿತ್ತೆಂದು ತೋರಿಸಲಾಗದಿದ್ದರೆ ಅಲ್ಲಿ ಪ್ರಯೋಜನ ಕಡಿಮೆ. ಮಾರುವವರು ಬಿಲ್ಡರ್ ಆಗಿದ್ದರೆ ದಾರಿ ಬೇರೆ: 2016ರ ರೇರಾ ಕಾಯ್ದೆಯಂತೆ ಕರಾರು ನೋಂದಾಯಿಸದೆ ಅವರು ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ, ಮನಬಂದಂತೆ ಹಂಚಿಕೆ ರದ್ದು ಮಾಡುವಂತೆಯೂ ಇಲ್ಲ.

ಚೆನ್ನೈ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ತಮಿಳು ಸಲೀಸಾಗಿ ಮಾತನಾಡುವವರಲ್ಲಿ ಎಷ್ಟೋ ಮಂದಿಗೆ ಓದಲು ಬಾರದು. ಬ್ರೋಕರ್ ತೋರಿಸಿದ ಕಡೆ ಸಹಿ ಹಾಕುತ್ತಾರೆ. ಎರಡು ಪಟ್ಟು ಅಡ್ವಾನ್ಸ್ ಕೊಟ್ಟು ಕರಾರಿನಿಂದ ಬಿಡಿಸಿಕೊಳ್ಳುವ ಆಯ್ಕೆ ಮಾರುವವರಿಗೆ ಉಂಟೆಂದು ಅದರಲ್ಲಿ ಬರೆದಿದ್ದರೆ, ಮನೆಯ ಮೇಲಿನ ಹಕ್ಕು ಅಲ್ಲಿಗೇ ಮುಗಿಯಬಹುದು. ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಏರ್ಪಡಿಸುವ ಸಂಘಗಳು ತಿಂಗಳಿಗೊಂದು ಭಾನುವಾರ, ಸದಸ್ಯರಲ್ಲಿರುವ ವಕೀಲರನ್ನೇ ಕೂರಿಸಿ, ಸಹಿ ಹಾಕುವ ಮುನ್ನ ಕರಾರನ್ನು ಓದಿಸಿ ಹೇಳುವ ವ್ಯವಸ್ಥೆ ಮಾಡಲಿ. ಖರ್ಚು ಕಾಫಿಯದಷ್ಟೇ.